ದಕ್ಷಿಣ ಗಂಗೋತ್ರಿ ಹಿಮದಡಿ ಹೂತುಹೋಗಿದ್ದು ಯಾಕೆ? ಧ್ರುವದ ನೆಲದಲ್ಲಿ ಕಟ್ಟಡ ಕಟ್ಟೋ ಬಗ್ಗೆ

ಸಿವಿಲ್_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಏಳನೇ ಸೆಮ್ ವಿದ್ಯಾರ್ಥಿ. ಸೆಮಿನಾರಿಗೆ ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರಗಳ ವಿಷಯ ತಗೊಂಡಿದೀನಿ. ಒಂದು ಸಂಗತಿ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಅಂಟಾರ್ಕ್ಟಿಕಾ ಮರುಭೂಮಿ, ಅಲ್ಲಿ ಹಿಮ ಬೀಳೋದೇ ಕಡಿಮೆ ಅಂತ ಎಲ್ಲ ಕಡೆ ಬರೆದಿದಾರೆ. ಹಾಗಿದ್ರೆ 1983-84ರಲ್ಲಿ ಕಟ್ಟಿದ ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಕೆಲವೇ ವರ್ಷದಲ್ಲಿ ಹಿಮದಲ್ಲಿ ಮುಚ್ಚಿಹೋಗಿ, 1990ರಲ್ಲಿ ಕೈಬಿಡೋ ಹಾಗಾಗಿದ್ದು ಹೇಗೆ?

ಇನ್ನೊಂದು, ಅಲ್ಲಿ ಚಳಿ ತಡೆಯೋದೇ ದೊಡ್ಡ ಸವಾಲು ಅಂತ ನಮ್ಮ ಗೈಡ್ ಹೇಳ್ತಾರೆ. ಗೊತ್ತಿರೋರು ಹೇಳಿ.

ಓದುಗ_ತುಮಕೂರು
ಕಡಿಮೆ ಬಿದ್ದರೂ ಕರಗಲ್ಲವಲ್ಲ. ಬಿದ್ದಿದ್ದೆಲ್ಲ ಅಲ್ಲೇ ಇರುತ್ತೆ.

ತೊಲೆಕಂಬ
ತುಮಕೂರಿನವರು ಹೇಳಿದ್ದು ಅರ್ಧ ಉತ್ತರ. ಉಳಿದರ್ಧ ಗಾಳಿ. ಮೇಲಿಂದ ಬೀಳೋ ಹಿಮಕ್ಕಿಂತ ನೆಲದ ಮೇಲೆ ಹರಿದು ಬರೋ ಹಿಮ ಬಹಳ ಜಾಸ್ತಿ. ಖಂಡದ ನಡುವಿನ ಎತ್ತರದಿಂದ ತಣ್ಣಗಾದ ಭಾರದ ಗಾಳಿ ಇಳಿಜಾರು ಹಿಡಿದು ಕರಾವಳಿ ಕಡೆ ನುಗ್ಗುತ್ತೆ, ಬರ್ತಾ ಸಡಿಲ ಹಿಮವನ್ನ ಹೊತ್ತುಕೊಂಡು ಬರುತ್ತೆ. ಅಡ್ಡ ಒಂದು ಗೋಡೆ ಸಿಕ್ಕಿತು ಅಂದ್ಕೊಳ್ಳಿ. ಗೋಡೆಯ ಹಿಂದೆ ಗಾಳಿಯ ವೇಗ ಇಳಿಯುತ್ತೆ, ಹೊತ್ತಿದ್ದನ್ನ ಅಲ್ಲೇ ಇಳಿಸುತ್ತೆ. ಅಂದ್ರೆ ಆ ಹಿಮವನ್ನ ಅಲ್ಲಿಗೆ ಕರೆಸಿದ್ದೇ ಕಟ್ಟಡ. ನೀವು ಕಟ್ಟದೇ ಇದ್ದಿದ್ದರೆ ಅದು ಮುಂದಕ್ಕೆ ಹೋಗಿಬಿಡ್ತಿತ್ತು.

ಹಾಗಾಗಿ ನಿಮ್ಮ ಗೈಡ್ ಮಾತು ನಾನು ಒಪ್ಪಲ್ಲ. ಚಳಿಗೆ ದಪ್ಪ ಇನ್ಸುಲೇಷನ್ ಹಾಕಿದರೆ ಮುಗೀತು, ಅದು ಬಗೆಹರಿದ ಲೆಕ್ಕ. ಬಗೆಹರಿಯದ್ದು ಗಾಳಿ ತರೋ ಹಿಮ, ಕೆಳಗೆ ಸರಿಯೋ ನೆಲ, ಮತ್ತೆ ಕೆಲಸಕ್ಕೆ ಸಿಗೋ ಸಮಯ. ಸೆಮಿನಾರಲ್ಲಿ ಈ ಮೂರನ್ನ ಹಿಡೀರಿ.

ಹಿಮಯಾತ್ರಿ
ಅಂಟಾರ್ಕ್ಟಿಕಾದಲ್ಲಿ ನಮ್ಮ ಎರಡನೇ ಕೇಂದ್ರ ಮೈತ್ರಿಯಲ್ಲಿ ಒಂದು ಚಳಿಗಾಲ ಕಳೆದವನು ನಾನು, ಜನರೇಟರ್ ಕೆಲಸಕ್ಕೆ ಹೋಗಿದ್ದೆ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಬ್ಲಿಝರ್ಡ್, ಅಂದ್ರೆ ಹಿಮದ ಬಿರುಗಾಳಿ, ಎದ್ದರೆ ಕೈ ಚಾಚಿದರೆ ಬೆರಳು ಕಾಣಲ್ಲ. ಒಂದು ಗುಡಿಸಲಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿರ್ತಾರೆ, ಅದನ್ನ ಹಿಡ್ಕೊಂಡೇ ಹೋಗೋದು. ಗಾಳಿ ನಿಂತ ಮೇಲೆ ಹೊರಗೆ ಬಂದು ನೋಡಿದ್ರೆ ಪ್ರತಿ ಕಂಟೇನರಿನ ಹಿಂದೆ ಬಾಲದ ಥರ ಉದ್ದಕ್ಕೆ ಹಿಮದ ದಿಬ್ಬ. ಕಂಟೇನರಿನ ಮುಂದೆ, ಗಾಳಿ ಬಂದು ಹೊಡೆಯೋ ಕಡೆ, ನೆಲ ಕೆರೆದು ಗುಂಡಿ ಬಿದ್ದಿರುತ್ತೆ. ಸಾಮಾನು ಎಲ್ಲಿ ಇಡಬೇಕು ಅನ್ನೋದನ್ನ ಆ ಬಾಲ ನೋಡಿಯೇ ತೀರ್ಮಾನ ಮಾಡ್ತಿದ್ವಿ. ತಪ್ಪು ಜಾಗದಲ್ಲಿ ಇಟ್ಟ ಡ್ರಮ್ಮು ಆಮೇಲೆ ಸಿಗಲ್ಲ.

ದಕ್ಷಿಣ ಗಂಗೋತ್ರಿ ಇದ್ದದ್ದು ಐಸ್ ಶೆಲ್ಫ್ ಮೇಲೆ, ಅಂದ್ರೆ ಸಮುದ್ರದ ಮೇಲೆ ತೇಲೋ ಹಿಮದ ಹಲಗೆ ಮೇಲೆ. ಮೈತ್ರಿ ಇರೋದು ಶಿರ್ಮಾಕರ್ ಓಯಸಿಸ್‌ನಲ್ಲಿ, ಹಿಮ ಇಲ್ಲದ ಬಂಡೆ ನೆಲ, ಕಾಲುಗಳ ಮೇಲೆ ಎತ್ತಿ ನಿಲ್ಲಿಸಿರೋ ಕಟ್ಟಡ. 1989ರಿಂದ ಇವತ್ತಿಗೂ ನಿಂತಿದೆ. ಇಷ್ಟೇ ವ್ಯತ್ಯಾಸ.

ಹುಬ್ಬಳ್ಳಿ_ಮಂದಿ
ಹಂಗಾದ್ರ ಮೊದಲಿಗೇ ಬಂಡಿ ಮ್ಯಾಲ ಕಟ್ಟಬೇಕಿತ್ತಲ್ರೀ? ಬಂಡಿ ಇದ್ದದ್ದು ಗೊತ್ತಿರಲಿಲ್ಲೇನು?

ಹಿಮಯಾತ್ರಿ
ಗೊತ್ತಿತ್ತು ಸಾರ್. ಆದರೆ ಹಡಗು ಬಂದು ನಿಲ್ಲೋದು ಶೆಲ್ಫಿನ ಅಂಚಿಗೆ. ಅಲ್ಲಿಂದ ಬಂಡೆ ನೆಲ ಎಂಬತ್ತು ತೊಂಬತ್ತು ಕಿಲೋಮೀಟರ್ ಒಳಗೆ, ದಾರಿಯಲ್ಲಿ ಬಿರುಕುಗಳು. ನಮ್ಮ ಮೊದಲ ತಂಡ ಖಾಸಿಂ ಅವರ ನೇತೃತ್ವದಲ್ಲಿ ಅಲ್ಲಿ ಕಾಲಿಟ್ಟಿದ್ದು 1982ರ ಜನವರಿಯಲ್ಲಿ. ಎರಡೇ ವರ್ಷದಲ್ಲಿ, ಮೂರನೇ ತಂಡ ಹರ್ಷ ಗುಪ್ತಾ ಅವರ ಜೊತೆ ಹೋಗಿ ಸುಮಾರು ಎಂಟು ವಾರದಲ್ಲಿ ಕೇಂದ್ರ ಎಬ್ಬಿಸಿ ನಿಲ್ಲಿಸಿತು. ಕಟ್ಟಿದ್ದು ನಮ್ಮ ಸೇನೆಯ ಎಂಜಿನಿಯರುಗಳು. ಆ ಅನುಭವ ಇಲ್ಲದೆ ಮೈತ್ರಿ ಆಗ್ತಿರಲಿಲ್ಲ. ಅದನ್ನ ಸೋಲು ಅಂತ ಬರೆಯಬೇಡಿ ಅಂತ ನನ್ನ ಕೋರಿಕೆ.

ಅಂಚೆಚೀಟಿ_ಪ್ರೇಮಿ
ವಿಷಯಕ್ಕೆ ಸ್ವಲ್ಪ ದೂರ, ಆದರೂ ಹೇಳ್ತೀನಿ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೊದಲ ಅಂಚೆ ಕಚೇರಿ ಶುರುವಾಗಿದ್ದು 1984ರಲ್ಲಿ ಇದೇ ದಕ್ಷಿಣ ಗಂಗೋತ್ರಿಯಲ್ಲಿ. ಕೇಂದ್ರ ಮುಚ್ಚಿದ ಮೇಲೆ ಅಂಚೆ ಕಚೇರಿ ಮೈತ್ರಿಗೆ ಹೋಯ್ತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ನಮ್ಮ ಮೂರನೇ ಕೇಂದ್ರ ಭಾರತಿಗೂ ಒಂದು ಬಂತು, ಪಿನ್ ಎಂಎಚ್-1718. ಎಲ್ಲ ಗೋವಾ ಅಂಚೆ ವಿಭಾಗದ ಮೂಲಕ. ಹಳೆ ದಕ್ಷಿಣ ಗಂಗೋತ್ರಿ ಮುದ್ರೆ ಇರೋ ಕವರ್ ಯಾರ ಹತ್ರ ಇದ್ದರೂ ದಯವಿಟ್ಟು ತಿಳಿಸಿ.

ಮೈಸೂರು_ಮಾತು
ದಕ್ಷಿಣ ಧ್ರುವದಲ್ಲಿರೋ ಅಮೆರಿಕದ ಕೇಂದ್ರಕ್ಕೆ ಕೆಳಗೆ ಸ್ಕೀ ಹಾಕಿದಾರಂತಲ್ಲ, ಬೇಕಾದಾಗ ಎಳ್ಕೊಂಡು ಹೋಗಬಹುದಂತೆ. ನಾವೂ ಹಾಗೇ ಮಾಡಿದ್ರೆ ಆಗಲ್ವಾ?

ತೊಲೆಕಂಬ
ಇಲ್ಲ, ಸ್ಕೀ ಇರೋದು ಬ್ರಿಟಿಷರ ಹ್ಯಾಲಿ-6ಕ್ಕೆ. ಧ್ರುವದಲ್ಲಿರೋ ಅಮುಂಡ್ಸೆನ್-ಸ್ಕಾಟ್ ಕೇಂದ್ರ ಕಂಬಗಳ ಮೇಲಿದೆ, ಸ್ಕೀ ಇಲ್ಲ.

ಆದರೆ ಹ್ಯಾಲಿ ಕಥೆ ಈ ಹುಡುಗನ ಸೆಮಿನಾರಿಗೆ ಬೇಕೇಬೇಕು, ಬಿಡಿಸಿ ಹೇಳ್ತೀನಿ. ಬ್ರಂಟ್ ಐಸ್ ಶೆಲ್ಫ್ ಮೇಲೆ 1956ರಲ್ಲಿ ಮೊದಲನೇ ಹ್ಯಾಲಿ ಕಟ್ಟಿದರು. ಹೂತುಹೋಯ್ತು. ಮತ್ತೆ ಕಟ್ಟಿದರು, ಹೂತುಹೋಯ್ತು. ಹೀಗೆ ನಾಲ್ಕು ಕೇಂದ್ರ ಹಿಮದಡಿ ಸೇರಿ ಜಜ್ಜಿಹೋದವು. ಐದನೆಯದನ್ನ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿ ವರ್ಷವರ್ಷ ಜ್ಯಾಕ್ ಹಾಕಿ ಎತ್ತಿದರು. ಅದು ಹೂಳಲಿಲ್ಲ, ಆದರೆ ಶೆಲ್ಫು ಸಮುದ್ರದ ಕಡೆ ಹರಿಯುತ್ತೆ. ಕಟ್ಟಡ ನಿಂತಲ್ಲೇ ನಿಂತಿದ್ದರೂ ಅಂಚಿನ ಹತ್ತಿರ ಹೋಗ್ತಾ ಇತ್ತು. ಆಗ ಬಂದಿದ್ದು ಆರನೆಯದು: ಎಂಟು ಮಾಡ್ಯೂಲ್, ಏಳು ನೀಲಿ, ನಡುವೆ ಒಂದು ದೊಡ್ಡ ಕೆಂಪು. ಪ್ರತಿಯೊಂದಕ್ಕೂ ಹೈಡ್ರಾಲಿಕ್ ಕಾಲು, ಕಾಲಿನ ತುದಿಗೆ ಸ್ಕೀ. ಸಾಲಾಗಿ, ಗಾಳಿ ಬೀಸೋ ದಿಕ್ಕಿಗೆ ಅಡ್ಡಲಾಗಿ ನಿಲ್ಲಿಸಿದಾರೆ. ಹಾಗೆ ನಿಲ್ಲಿಸಿದರೆ ಹಿಮದ ಬಾಲವೆಲ್ಲ ಒಂದೇ ಕಡೆ ಬೀಳುತ್ತೆ, ಒಂದು ಮಾಡ್ಯೂಲಿನ ಬಾಲ ಇನ್ನೊಂದರ ಮೇಲೆ ಬರಲ್ಲ.

ಉದ್ಘಾಟನೆ ಆಗಿದ್ದು 2013ರಲ್ಲಿ. ಅಷ್ಟರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಒಂದು ಹಳೆ ಬಿರುಕು ಮತ್ತೆ ಬೆಳೆಯೋಕೆ ಶುರುವಾಗಿತ್ತು. 2016-17ರ ಬೇಸಿಗೆಯಲ್ಲಿ ಮಾಡ್ಯೂಲುಗಳನ್ನ ಬಿಡಿಸಿ, ಟ್ರ್ಯಾಕ್ಟರ್ ಕಟ್ಟಿ ಎಳೆದು 23 ಕಿಲೋಮೀಟರ್ ಒಳಕ್ಕೆ ತಂದರು. 2023ರ ಜನವರಿಯಲ್ಲಿ ಆ ಬಿರುಕಿನ ಉದ್ದಕ್ಕೂ ಹಿಮದ ಹಲಗೆ ಕಿತ್ತುಕೊಂಡು ಸಮುದ್ರಕ್ಕೆ ತೇಲಿಹೋಯ್ತು. ಹಳೆ ಜಾಗದಲ್ಲೇ ಬಿಟ್ಟಿದ್ದರೆ ಕೇಂದ್ರವೂ ಅದರ ಜೊತೆ ಹೋಗಿರೋದು. ವಿನ್ಯಾಸ ಮಾಡಿದವರ ಮುಂದಾಲೋಚನೆ ಅಂದ್ರೆ ಇದು.

ಹುಬ್ಬಳ್ಳಿ_ಮಂದಿ
ಅಷ್ಟ ತ್ರಾಸ ತಗೊಂಡು ಅದ ಜಾಗಾದಾಗ ಯಾಕ ಕುಂದರಬೇಕು? ಬ್ಯಾರೆ ಕಡೆ ಬಂಡಿ ಹುಡುಕಬಾರದೇನು?

ಓದುಗ_ತುಮಕೂರು
1985ರಲ್ಲಿ ಓಝೋನ್ ಪದರದ ರಂಧ್ರ ಗೊತ್ತಾಗಿದ್ದು ಹ್ಯಾಲಿಯಲ್ಲಿ ಅಳೆದ ಅಂಕಿಗಳಿಂದ ಸಾರ್. 1956ರಿಂದ ಒಂದೇ ಜಾಗದಲ್ಲಿ ಅಳೀತಾ ಬಂದಿದ್ದಕ್ಕೇ ಆ ಇಳಿಕೆ ಕಣ್ಣಿಗೆ ಬಿತ್ತು. ಜಾಗ ಬದಲಾಯಿಸಿದ್ರೆ ಆ ಸರಣಿ ತುಂಡಾಗುತ್ತೆ.

ಹುಬ್ಬಳ್ಳಿ_ಮಂದಿ
ಇದು ಮಾತು. ಒಪ್ಪಿದೆ.

ನೀಲಾಂಬರಿ_ಹ್ಯಾಂಬರ್ಗ್
ಜರ್ಮನಿಯಲ್ಲಿರೋ ಕನ್ನಡತಿ, ವೃತ್ತಿಯಲ್ಲಿ ಆರ್ಕಿಟೆಕ್ಟ್. ಇಲ್ಲಿನವರು ನಡೆಸೋ ನೊಯ್‌ಮೇಯರ್-3 ಕೇಂದ್ರದ ಬಗ್ಗೆ ಬರೀತೀನಿ. ಇವರ ಹಿಂದಿನ ಎರಡು ಕೇಂದ್ರಗಳು ಹಿಮದೊಳಗೆ ಹುದುಗಿಸಿದ ಉಕ್ಕಿನ ಕೊಳವೆಗಳಾಗಿದ್ದವು, ಹಿಮದ ಒತ್ತಡಕ್ಕೆ ನಿಧಾನವಾಗಿ ನಲುಗಿದವು. 2009ರ ಮೂರನೆಯದು 16 ಹೈಡ್ರಾಲಿಕ್ ಕಂಬಗಳ ಮೇಲಿದೆ, ಕೆಳಗೆ ಹಿಮದಲ್ಲಿ ಕೊರೆದ ಗ್ಯಾರೇಜು. ಎತ್ತಬೇಕಾದಾಗ ಕಟ್ಟಡವನ್ನ ಮೇಲಕ್ಕೆ ತಳ್ಳಿ, ಆಮೇಲೆ ಒಂದೊಂದೇ ಕಂಬದ ಪಾದ ಮೇಲಕ್ಕೆಳೆದು, ಅಡಿಗೆ ಹಿಮ ತುಂಬಿ, ಮತ್ತೆ ಊರಿಸ್ತಾರೆ. ಬುನಾದಿಗೆ ಬಳಸೋ ಸಾಮಗ್ರಿಯೇ ಹಿಮ. ಹೊರಗಿಂದ ತರೋದು ಏನೂ ಇಲ್ಲ. ನನಗೆ ಇದು ಬಹಳ ಇಷ್ಟ.

ಹಿಮದೊಳಗೆ ಹೂತು ಕಟ್ಟೋ ಆಸೆ ಎಲ್ಲರಿಗೂ ಇತ್ತು. ಗ್ರೀನ್‌ಲ್ಯಾಂಡ್‌ನಲ್ಲಿ ಅಮೆರಿಕದ ಸೇನೆ 1959-60ರಲ್ಲಿ ಕ್ಯಾಂಪ್ ಸೆಂಚುರಿ ಅಂತ ಹಿಮದಡಿ ಸುರಂಗಗಳ ಊರನ್ನೇ ಕಟ್ಟಿತು, ವಿದ್ಯುತ್ತಿಗೆ ಸಣ್ಣ ಅಣು ರಿಯಾಕ್ಟರ್ ಬೇರೆ. ಹಿಮ ಗಟ್ಟಿ ಕಂಡರೂ ಭಾರಕ್ಕೆ ಹರಿಯೋ ವಸ್ತು. ಸುರಂಗದ ಗೋಡೆ ಒಳಕ್ಕೆ ಬರ್ತಾನೇ ಇತ್ತು, ಕೆತ್ತುತ್ತಾನೇ ಇರಬೇಕಾಯ್ತು. 1967ರ ಹೊತ್ತಿಗೆ ಬಿಟ್ಟು ಬಂದರು.

ಸಿವಿಲ್_ದಾವಣಗೆರೆ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೇಡಂ, ಭಾರತಿ ಕೇಂದ್ರದ ವಿನ್ಯಾಸ ಹ್ಯಾಂಬರ್ಗ್‌ನವರದೇ ಅಲ್ವಾ? ಮೈತ್ರಿ ಪಕ್ಕದಲ್ಲೇ ಬರುತ್ತಾ ಅದು?

ನೀಲಾಂಬರಿ_ಹ್ಯಾಂಬರ್ಗ್
ಪಕ್ಕದಲ್ಲಲ್ಲಪ್ಪ, ಸುಮಾರು 3000 ಕಿಲೋಮೀಟರ್ ದೂರ, ಲಾರ್ಸ್‌ಮನ್ ಬೆಟ್ಟಗಳಲ್ಲಿ, ಸಮುದ್ರದ ದಡಕ್ಕೆ. ಹೌದು, ಇಲ್ಲಿನ ಬಿಒಎಫ್ ಆರ್ಕಿಟೆಕ್ಟೆನ್ ವಿನ್ಯಾಸ. 134 ಸಾಗಣೆ ಕಂಟೇನರ್‌ಗಳನ್ನ ಜೋಡಿಸಿ ಕಟ್ಟಿದ್ದು. ಹೊರಗೆ ಇನ್ಸುಲೇಟೆಡ್ ಲೋಹದ ಹೊದಿಕೆ ಇರೋದ್ರಿಂದ ಫೋಟೋದಲ್ಲಿ ಕಂಟೇನರ್ ಕಾಣಲ್ಲ. 2012ರ ಮಾರ್ಚ್‌ನಲ್ಲಿ ಶುರುವಾಯ್ತು.

ಹುಬ್ಬಳ್ಳಿ_ಮಂದಿ
ಇದ ನನಗ ಸೇರೂದಿಲ್ಲ ನೋಡ್ರಿ. ಚಂದ್ರನ ಮ್ಯಾಲ ಇಳಿದ ದೇಶಕ್ಕ ಡಬ್ಬಿ ಜೋಡಸಾಕ ಜರ್ಮನಿಯವರು ಬೇಕೇನು? ಮೈತ್ರಿ ನಾವ ಕಟ್ಟಿದ್ವಿ. ಅದು ನಿಂತೈತಿ. ಮತ್ತ ಹೊರಗಿನವರ ಕೈಗೆ ಯಾಕ ಕೊಟ್ಟರು?

ತೊಲೆಕಂಬ
ಡಬ್ಬಿ ಅನ್ನಬೇಡಿ ಸಾರ್, ಅದರ ಬುದ್ಧಿವಂತಿಕೆ ಅಲ್ಲೇ ಇರೋದು. ಅಲ್ಲಿ ಕೆಲಸಕ್ಕೆ ಸಿಗೋದು ಬೇಸಿಗೆಯ ಮೂರ್ನಾಲ್ಕು ತಿಂಗಳು, ಅದರಲ್ಲೂ ಗಾಳಿ ತಿನ್ನೋ ದಿನಗಳು ಬೇರೆ. ಮಾರ್ಚ್ ಮುಗಿಯೋದ್ರೊಳಗೆ ಹಡಗು ಹೊರಡಲೇಬೇಕು. ಒಂದು ಅಳತೆಯ ಬೋಲ್ಟ್ ಮರೆತರೆ ಮುಂದಿನ ಬೇಸಿಗೆ ತನಕ ಕಾಯಬೇಕು. ಹಾಗಿರುವಾಗ ಹಡಗಿನಲ್ಲಿ ಸಾಮಾನು ತುಂಬ್ಕೊಂಡು ಬಂದ ಪೆಟ್ಟಿಗೆಯೇ ಕಟ್ಟಡದ ಕೋಣೆ ಆಗಿಬಿಟ್ಟರೆ ಎಷ್ಟು ಕೆಲಸ ಉಳೀತು ನೋಡಿ. ಹಡಗು, ಕ್ರೇನು, ಟ್ರೇಲರ್ ಎಲ್ಲ ಅದೇ ಅಳತೆಗೆ ತಯಾರಾಗಿರೋವು. ಕಾಂಕ್ರೀಟನ್ನಂತೂ ಆದಷ್ಟು ದೂರ ಇಡಬೇಕು. ಸಿಮೆಂಟು ನೀರಿನ ಜೊತೆ ಕೂಡಿ ಗಟ್ಟಿಯಾಗೋದಕ್ಕೆ ಮುಂಚೆಯೇ ನೀರು ಹೆಪ್ಪುಗಟ್ಟಿದರೆ ಅದು ಕಾಂಕ್ರೀಟೇ ಅಲ್ಲ. ವೆಲ್ಡಿಂಗೂ ಕಷ್ಟ, ಹಾಗಾಗಿ ಬೋಲ್ಟು, ಅದೂ ದಪ್ಪ ಗ್ಲೌಸ್ ಹಾಕಿದ ಕೈಗೆ ಸಿಗೋ ಅಷ್ಟು ದೊಡ್ಡದು.

ಉಕ್ಕಿನ ವಿಷಯ ಒಂದು: ಸಾಧಾರಣ ಸ್ಟ್ರಕ್ಚರಲ್ ಸ್ಟೀಲ್ ತೀರಾ ತಣ್ಣಗಾದ್ರೆ ಬಾಗೋ ಗುಣ ಕಳ್ಕೊಂಡು ಗಾಜಿನ ಹಾಗೆ ಒಡೆಯುತ್ತೆ. ಕಡಿಮೆ ತಾಪಮಾನಕ್ಕೆ ಪರೀಕ್ಷೆ ಮಾಡಿದ ದರ್ಜೆಯನ್ನೇ ತರಿಸಬೇಕು.

ಹುಬ್ಬಳ್ಳಿ_ಮಂದಿ
ಡಬ್ಬಿ ಐಡಿಯಾ ಚಲೋ ಐತಿ ಅಂತ ಒಪ್ಪತೀನಿ. ಆದ್ರ ನನ್ನ ಪ್ರಶ್ನೆಕ್ಕ ಉತ್ತರ ಬರಲಿಲ್ಲ. ಆ ಕೆಲಸ ನಮ್ಮ ಹುಡುಗರ ಕೈಯಾಗ ಆಗಬೇಕು. ಒಂದ ಸಲ ಹೊರಗಿನವರಿಂದ ಕಲ್ತಿವಿ, ಸರಿ. 2024ರಾಗ ಕೊಚ್ಚಿಯೊಳಗ ನಡೆದ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳ ಸಭಾದಾಗ ಮೈತ್ರಿ-2 ಕಟ್ಟತೀವಿ ಅಂತ ನಮ್ಮವರು ಹೇಳ್ಯಾರ. ಅದರ ಡ್ರಾಯಿಂಗ್ ಆದ್ರೂ ಇಲ್ಲೇ ಆಗಲಿ. ಈ ದಾವಣಗೆರೆ ಹುಡುಗನಂಥಾವರು ಅದರಾಗ ಇರಲಿ.

ನೀಲಾಂಬರಿ_ಹ್ಯಾಂಬರ್ಗ್
ಇದಕ್ಕೆ ನನ್ನ ಪೂರ್ತಿ ಬೆಂಬಲ. ಹ್ಯಾಲಿ ಕಟ್ಟಿದವರಿಗೆ ಐದು ಹಳೆ ಹ್ಯಾಲಿಗಳ ಪಾಠ ಇತ್ತು. ಮೈತ್ರಿಯನ್ನ ಮೂವತ್ತಕ್ಕೂ ಹೆಚ್ಚು ವರ್ಷ ನಡೆಸಿದ ಅನುಭವ ನಮ್ಮ ಹತ್ರ ಇದೆ. ಅದು ವಿನ್ಯಾಸದ ಕೋಣೆಗೆ ಬರಬೇಕು.

ಬಂದರು_ಪ್ಯಾನೆಲ್
ಮಂಗಳೂರಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ಕಟ್ಟುವ ಕೆಲಸ ಮಾರಾಯ್ರೆ ನಮ್ಮದು. ಈ ಚರ್ಚೆ ಓದಿ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲ. ಮೇಲೆ ಒಬ್ಬರು ಇನ್ಸುಲೇಷನ್ ಬಗೆಹರಿದ ಲೆಕ್ಕ ಅಂದ್ರಲ್ಲ, ಅದು ಸರಿಯಲ್ಲ. ನಮ್ಮಲ್ಲಿ ಒಳಗೆ ಮೈನಸ್ 18, ಹೊರಗೆ ಮಳೆಗಾಲದ ಸೆಕೆ. ಅಲ್ಲಿ ಅದನ್ನೇ ಮಗುಚಿ ಹಾಕಿದ್ದು. ಪಫ್ ಪ್ಯಾನೆಲ್ (ನಡುವೆ ಫೋಮ್ ತುಂಬಿದ ಗೋಡೆಯ ಹಲಗೆ) ಎಷ್ಟೇ ದಪ್ಪ ಹಾಕಿ, ತೊಂದರೆ ಬರುವುದು ಜಾಯಿಂಟಿನಲ್ಲಿ ಮತ್ತು ಬೋಲ್ಟಿನಲ್ಲಿ. ಗೋಡೆಯ ಈಚೆಯಿಂದ ಆಚೆಗೆ ಒಂದು ಲೋಹದ ಬೋಲ್ಟ್ ತೂರಿ ಹೋದರೆ ಸಾಕು, ಅದರ ತಲೆಯ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಬೆಚ್ಚಗಿನ ಕಡೆಯ ಗಾಳಿಯಲ್ಲಿರುವ ನೀರಾವಿ ಸಣ್ಣ ಸಂದು ಸಿಕ್ಕಿದರೂ ಪ್ಯಾನೆಲ್ಲಿನ ಒಳಗೆ ಹೋಗಿ ಅಲ್ಲಿ ಮಂಜುಗಡ್ಡೆಯಾಗ್ತದೆ. ಇನ್ಸುಲೇಷನ್ ಒದ್ದೆಯಾದ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ಹಿಮಯಾತ್ರಿ
ಇವರು ಹೇಳಿದ್ದನ್ನ ಕಣ್ಣಾರೆ ನೋಡಿದೀನಿ. ಕೋಣೆ ಬೆಚ್ಚಗಿರುತ್ತೆ, ಆದರೆ ಮಂಚ ಸರಿಸಿದ್ರೆ ಹಿಂದಿನ ಮೂಲೆಯಲ್ಲಿ ಒಂದು ಬೋಲ್ಟು, ಅದರ ಸುತ್ತ ಉಗುರಿನಷ್ಟು ದಪ್ಪಕ್ಕೆ ಹರಳುಹರಳಾದ ಹಿಮ. ಕೆರೆದು ತೆಗೆದರೆ ಮತ್ತೆ ಬೆಳೆಯುತ್ತೆ. ಇನ್ನು ಒಳಗಿನ ಗಾಳಿ ಎಷ್ಟು ಒಣ ಅಂದ್ರೆ ಬಾಗಿಲ ಹಿಡಿ ಮುಟ್ಟಿದ್ರೆ ಚುರ್ ಅಂತ ಶಾಕ್ ಹೊಡೆಯುತ್ತೆ.

ಒಣಗಾಳಿ ಅಂದ ಮೇಲೆ ಬೆಂಕಿ ಬಗ್ಗೆ ಹೇಳಲೇಬೇಕು, ಯಾರೂ ಎತ್ತಲಿಲ್ಲ. ಜನರೇಟರ್ ಕೋಣೆಯವನಾಗಿ ನನಗೆ ಅದರದೇ ಭಯ ಇತ್ತು. ರಷ್ಯಾದ ವಸ್ತೋಕ್‌ನಲ್ಲಿ 1982ರ ಏಪ್ರಿಲ್‌ನಲ್ಲಿ ವಿದ್ಯುತ್ ಕೇಂದ್ರ ಸುಟ್ಟುಹೋಗಿ ಒಬ್ಬರು ತೀರಿಕೊಂಡರು. ಉಳಿದವರು ಇಡೀ ಚಳಿಗಾಲ ತಾವೇ ಮಾಡಿಕೊಂಡ ಒಲೆಗಳ ಶಾಖದಲ್ಲಿ ಬದುಕಿದರು. 2012ರಲ್ಲಿ ಬ್ರೆಜಿಲ್‌ನ ಫೆರಾಝ್ ಕೇಂದ್ರ ಉರಿದು ಇಬ್ಬರು ಸತ್ತರು, ಹೊಸದು ತೆರೆದದ್ದು 2020ರಲ್ಲಿ. ಸುತ್ತ ಅಷ್ಟು ಹಿಮ ಇದ್ದರೂ ಬೆಂಕಿ ಆರಿಸೋಕೆ ದ್ರವರೂಪದ ನೀರು ಬೇಕಲ್ಲ.

ತೊಲೆಕಂಬ
ಅದಕ್ಕೇ ಹ್ಯಾಲಿ-6ನ್ನ ಎರಡು ಭಾಗ ಮಾಡಿದಾರೆ, ಒಂದು ಕಡೆ ಸುಟ್ಟರೂ ಇನ್ನೊಂದು ಕಡೆ ತನ್ನ ಜನರೇಟರ್ ಮೇಲೆ ಬದುಕಬಹುದು. ಮುಖ್ಯ ಕಟ್ಟಡದಿಂದ ದೂರಕ್ಕೆ ಬಟ್ಟೆ, ಆಹಾರ, ಇಂಧನ ಇಟ್ಟ ಬೇರೆ ಆಶ್ರಯ ಇರಲೇಬೇಕು. ದಾವಣಗೆರೆಯವರೇ, ನಕ್ಷೆ ಬಿಡಿಸುವಾಗ ಮೊದಲು ಅದನ್ನ ಗುರುತು ಮಾಡಿ, ಆಮೇಲೆ ಉಳಿದದ್ದು.

ಮೈಸೂರು_ಮಾತು
ನೀರು ಎಲ್ಲಿಂದ ಬರುತ್ತೆ ಹಾಗಾದ್ರೆ? ಕುಡಿಯೋಕೆ, ಸ್ನಾನಕ್ಕೆ?

ಹಿಮಯಾತ್ರಿ
ಮೈತ್ರಿಗೆ ಪ್ರಿಯದರ್ಶಿನಿ ಸರೋವರ. ಮೇಲೆ ಹೆಪ್ಪುಗಟ್ಟಿದರೂ ಕೆಳಗೆ ನೀರಿರುತ್ತೆ, ಅಲ್ಲಿಂದ ಪಂಪ್. ಪೈಪಿಗೆ ಉದ್ದಕ್ಕೂ ಬಿಸಿ ಕೊಡೋ ಕೇಬಲ್ ಸುತ್ತಿರಬೇಕು, ಅದು ಕೆಟ್ಟಿತು ಅಂದ್ರೆ ಎಲ್ಲರೂ ಎದ್ದು ಓಡಬೇಕು. ಭಾರತಿಯಲ್ಲಿ ಸಮುದ್ರದ ನೀರನ್ನ ಆರ್‌ಒ ಮಾಡ್ತಾರೆ. ಅಲ್ಲಿ ಜನರೇಟರಿನ ಬಿಸಿಯನ್ನೂ ವ್ಯರ್ಥ ಮಾಡಲ್ಲ, ಅದರಿಂದಲೇ ಕಟ್ಟಡ ಬೆಚ್ಚಗಾಗುತ್ತೆ.

ಓದುಗ_ತುಮಕೂರು
ದಕ್ಷಿಣ ಧ್ರುವದ್ದು ಇನ್ನೂ ಸ್ವಾರಸ್ಯ. ಹಿಮದೊಳಗೆ ಬಿಸಿನೀರು ಇಳಿಸಿ ಕರಗಿಸಿ, ಆಳದಲ್ಲೇ ಒಂದು ಬಾವಿ ಮಾಡ್ಕೊಳ್ತಾರೆ. ರಾಡ್ರಿಗೆಜ್ ಬಾವಿ ಅಂತ ಹೆಸರು. ಅದು ತೀರಾ ಆಳಕ್ಕೆ ಹೋದ ಮೇಲೆ ಹೊಸ ಬಾವಿ, ಹಳೆಯದಕ್ಕೆ ಕೊಳಚೆ ನೀರು.

ಮೈಸೂರು_ಮಾತು
ಕೊಳಚೆಯನ್ನ ಅಲ್ಲೇ ಬಿಡೋದು ತಪ್ಪಲ್ವಾ? ಅಲ್ಲಿನ ಪರಿಸರಕ್ಕೆ ಕಟ್ಟುನಿಟ್ಟಿನ ಕಾನೂನು ಇದೆ ಅಂತ ಕೇಳಿದೀನಿ.

ನೀಲಾಂಬರಿ_ಹ್ಯಾಂಬರ್ಗ್
ಇದೆ. 1991ರ ಮ್ಯಾಡ್ರಿಡ್ ಪ್ರೋಟೋಕಾಲ್, 1998ರಿಂದ ಜಾರಿ. ನಮ್ಮ ದೇಶದಲ್ಲಿ 2022ರ ಅಂಟಾರ್ಕ್ಟಿಕ್ ಕಾಯ್ದೆಯೂ ಬಂತು. ಹೊಸ ಕೇಂದ್ರ ಕಟ್ಟೋಕೆ ಮುಂಚೆ ಪರಿಸರದ ಮೇಲಿನ ಪರಿಣಾಮದ ವರದಿ ಮಾಡಿ ಉಳಿದ ದೇಶಗಳ ಮುಂದೆ ಇಡಬೇಕು. ಬಹುಪಾಲು ಕಸ ವಾಪಸ್ ಹಡಗಿಗೆ. ಹಾಗಾಗಿ ಕಟ್ಟೋ ದಿನವೇ ಬಿಚ್ಚೋದನ್ನೂ ಯೋಚಿಸಿರಬೇಕು. ಇದು ನನ್ನ ಮಟ್ಟಿಗೆ ಅತ್ಯಂತ ಮುಖ್ಯ. ಒಳ ಹಿಮದ ಮೇಲಿರೋ ಕೇಂದ್ರಗಳಿಗೆ ಕೊಳಚೆಯ ವಿಷಯದಲ್ಲಿ ವಿನಾಯಿತಿ ಇದೆ, ನನಗೂ ಅದು ಸಮಾಧಾನ ತರಲ್ಲ.

ಗದಗ_ವೆಲ್ಡರ್
ಅಣ್ಣಾರ, ಅಲ್ಲಿಗೆ ಕೆಲಸಕ್ಕ ಹೋಗಬೇಕಂದ್ರ ಏನ್ ಮಾಡಬೇಕು? ಐಟಿಐ ಆಗೇತಿ ನಂದು.

ಹಿಮಯಾತ್ರಿ
ಗೋವಾದಲ್ಲಿರೋ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಜಾಹೀರಾತು ಕೊಡುತ್ತೆ ತಮ್ಮ, ಅವರ ಜಾಲತಾಣ ನೋಡ್ತಾ ಇರು. ವೆಲ್ಡರ್, ಬಡಗಿ, ಜನರೇಟರ್ ಮೆಕ್ಯಾನಿಕ್, ಅಡುಗೆಯವರು, ಎಲ್ಲರೂ ಬೇಕಾಗ್ತಾರೆ. ವೈದ್ಯಕೀಯ ಪರೀಕ್ಷೆ ಕಟ್ಟುನಿಟ್ಟು, ಆಮೇಲೆ ಔಲಿಯಲ್ಲಿ ಹಿಮದ ತರಬೇತಿ. ಖಂಡಿತ ಹಾಕು. ಅಲ್ಲಿ ವಿಜ್ಞಾನಿಯಷ್ಟೇ ಗೌರವ ವೆಲ್ಡರಿಗೂ ಇದೆ.

ಸಿವಿಲ್_ದಾವಣಗೆರೆ
ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಕೊನೆಗೆ ಎರಡು ಪ್ರಶ್ನೆ. ಆರ್ಕ್ಟಿಕ್‌ನಲ್ಲಿ ನಮ್ಮ ಹಿಮಾದ್ರಿ ಇದೆಯಲ್ಲ, ಅದರ ಬುನಾದಿಯೂ ಹೀಗೇನಾ? ಮತ್ತೆ ಮಂಗಳೂರಿನ ಸಾರ್, ನೀರಾವಿ ತಡೆಯೋ ಪದರ ಪ್ಯಾನೆಲ್ಲಿನ ಯಾವ ಕಡೆ ಬರಬೇಕು?

ತೊಲೆಕಂಬ
ಹಿಮಾದ್ರಿ ನಾವು ಕಟ್ಟಿದ್ದಲ್ಲ. ನಾರ್ವೆಯ ಸ್ವಾಲ್ಬಾರ್ಡ್‌ನ ನೀ-ಓಲೆಸುಂಡ್ ಊರಲ್ಲಿ ಮೊದಲೇ ಇದ್ದ ಕಟ್ಟಡವೊಂದರಲ್ಲಿ 2008ರಲ್ಲಿ ಶುರು ಮಾಡಿದ್ದು. ಅಲ್ಲಿ ಸಮಸ್ಯೆ ಬೇರೆ. ಕೆಳಗಿರೋದು ವರ್ಷಪೂರ್ತಿ ಹೆಪ್ಪುಗಟ್ಟಿರೋ ಮಣ್ಣು. ಮನೆಯ ಬಿಸಿ ಅದಕ್ಕೆ ತಾಗಿದರೆ ಮಣ್ಣು ಕರಗಿ ಕಟ್ಟಡ ಕುಸಿಯುತ್ತೆ. ಅದಕ್ಕೆ ಅಂಥ ಕಡೆ ಕಂಬ ಊರಿ, ಮಹಡಿ ಕೆಳಗೆ ತಣ್ಣನೆ ಗಾಳಿ ಓಡಾಡೋಕೆ ಜಾಗ ಬಿಡ್ತಾರೆ. ಈಗ ಹವಾಮಾನವೇ ಬಿಸಿಯಾಗ್ತಿರೋದ್ರಿಂದ ಕಂಬಗಳ ಕೆಳಗಿನ ಮಣ್ಣೂ ಸಡಿಲ ಆಗ್ತಿದೆ.

ಬಂದರು_ಪ್ಯಾನೆಲ್
ನಮ್ಮ ಫ್ರೀಜರಿನಲ್ಲಿ ಇದೂ ಉಲ್ಟಾ. ನೆಲದ ಮಣ್ಣು ಹೆಪ್ಪುಗಟ್ಟಿ ಉಬ್ಬಿ ಫ್ಲೋರ್ ಒಡೆಯಬಾರದು ಅಂತ ಅಡಿಯಲ್ಲಿ ಗಾಳಿ ಪೈಪೋ ಹೀಟರೋ ಹಾಕ್ತೇವೆ.

ಪದರ ಯಾವಾಗಲೂ ಬೆಚ್ಚಗಿನ ಕಡೆ. ನಮಗೆ ಹೊರಗೆ, ಅಲ್ಲಿ ಒಳಗೆ. ಎಲ್ಲಿಯೂ ತುಂಡಾಗಬಾರದು. ವೈರ್ ಹೋಗುವ ತೂತಿಗೂ ಸೀಲ್ ಮಾಡಬೇಕು, ಹೆಚ್ಚಿನವರು ಬಿಡುವುದು ಅದನ್ನೇ. ಜಾಯಿಂಟಿನ ಒಂದು ಸೆಕ್ಷನ್ ಬಿಡಿಸಿ ಇಲ್ಲೇ ಹಾಕಿ, ನೋಡಿ ಹೇಳ್ತೇನೆ.